ಒಡೆದದ್ದು ಊದುಗೊಳವೆ, ಬದಲಿಸಹೊರಟದ್ದು ಶ್ವಾಸಕೋಶ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇರುವ ಕಾರುಗಳ ಕುರಿತು ಬಂದ ಲೇಖನವನ್ನು ಎರಡು ಸಲ ಓದಿದೆ. ಚರಿತ್ರೆಯ ಭಾಗ ಚೆನ್ನಾಗಿತ್ತು. 1905ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಶಿ ಇದಕ್ಕೆ ಪೇಟೆಂಟ್ ಪಡೆದದ್ದು, 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಮತ್ತು ಶೆವ್ರೊಲೆ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂದದ್ದು, ಇವೆಲ್ಲ ನನಗೆ ಹೊಸ ಸಂಗತಿಗಳು. ಆದರೆ ಕೊನೆಯ ಪ್ಯಾರಾದಲ್ಲಿ ಲೇಖಕರು, ಕಾರಿನ ಪಿಕಪ್ ಇಳಿದು ಎಂಜಿನ್ ದೀಪ ಹೊತ್ತಿಕೊಂಡರೆ ಟರ್ಬೊ ಹಾಳಾಗಿದೆಯೆಂದು ತಿಳಿದು ಬೇಗ ಬದಲಿಸಿಕೊಳ್ಳುವುದು ಒಳ್ಳೆಯದು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಆ ಒಂದು ಸಾಲಿನ ಬೆಲೆ ಎಷ್ಟೆಂದು ನನಗೆ ಗೊತ್ತಿದೆ. ಜುಲೈ ತಿಂಗಳಲ್ಲಿ ನನಗೆ ಅದರ ಅಂದಾಜು ಪಟ್ಟಿಯನ್ನೇ ಮುದ್ರಿಸಿ ಕೊಟ್ಟಿದ್ದರು: 74,000 ರೂಪಾಯಿ.

ನಾನು ಹಿರಿಯಡ್ಕದಲ್ಲಿ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಮಾಡಿ ಮಾರುವವಳು. ಎಂಟು ಜನ ಹೆಂಗಸರು ನನ್ನ ಜೊತೆ ಕೆಲಸ ಮಾಡುತ್ತಾರೆ. ಬೇಸಿಗೆಯಲ್ಲಿ ಒತ್ತಿ ಒಣಗಿಸಿಟ್ಟದ್ದು ಮಳೆಗಾಲದಲ್ಲಿ ಖರ್ಚಾಗುತ್ತದೆ. ಗುರುವಾರ ಬಂತೆಂದರೆ ಕಾರಿನ ಹಿಂದಿನ ಸೀಟು ಮಡಚಿ, ಒಂದೂವರೆ ಕ್ವಿಂಟಲ್ ಸರಕು ತುಂಬಿಸಿ, ಹೆಬ್ರಿ, ಸೋಮೇಶ್ವರ ದಾಟಿ, ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಯ ಅಂಗಡಿಗಳಿಗೆ ಹಾಕಿ ಬರುತ್ತೇನೆ. ಕಾರು 2015ರ ಮಾದರಿಯದು, ಒಂದೂವರೆ ಲೀಟರಿನ ಡೀಸೆಲ್ ಎಂಜಿನ್, ಓಡಿದ್ದು ಒಂದು ಲಕ್ಷ ಮೂವತ್ತು ಸಾವಿರ ಕಿಲೋಮೀಟರ್. ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಎಲ್ಲಿ ಎರಡನೆಯ ಗೇರು, ಎಲ್ಲಿ ಮೂರನೆಯದು ಎಂಬುದು ನನ್ನ ಎಡಗೈಗೆ ಬಾಯಿಪಾಠವಾಗಿದೆ.

ಜುಲೈಯ, ನಮ್ಮ ತುಳುನಾಡಿನ ಆಟಿ ತಿಂಗಳ, ಒಂದು ಗುರುವಾರ ಎರಡನೆಯ ತಿರುವಿನಲ್ಲೇ ಕಾರು ಮಂಡಿಯೂರಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಏರುವ ಮನಸ್ಸಿಲ್ಲ. ಎಂಜಿನ್ ದೀಪ ಹಳದಿಯಾಗಿ ಹೊತ್ತಿಕೊಂಡಿತು. ಮಳೆಯೆಂದು ಗಾಜು ಏರಿಸಿಕೊಂಡಿದ್ದರಿಂದ ಬಾನೆಟ್ ಒಳಗಿನಿಂದ ಒಂದು ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಹಾಗೆ, ಉಸ್ಸೆಂದು. ಕಾಲು ತೆಗೆದರೆ ಸದ್ದು ನಿಲ್ಲುತ್ತಿತ್ತು, ಒತ್ತಿದರೆ ಮತ್ತೆ ಉಸ್. ಹಿಂದಿನಿಂದ ಬಂದ ಬೈಕಿನ ಹುಡುಗ ಪಕ್ಕಕ್ಕೆ ಬಂದು, "ಅಕ್ಕಾ, ನಿಮ್ಮ ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತಿದೆ" ಎಂದು ಕೂಗಿ ಹೇಳಿ ಹೋದ. ಮೊದಲ ಗೇರಿನಲ್ಲಿ ತೆವಳಿಕೊಂಡು ಮೇಲೆ ತಲುಪಿದೆ. ಹಪ್ಪಳ ಅಂಗಡಿಗೆ ಸೇರಿತು. ಇಳಿಯುವಾಗ ತೊಂದರೆಯಿಲ್ಲ, ಇಳಿಜಾರಿನಲ್ಲಿ ಯಾವ ಕಾರೂ ಶೂರನೇ.

ಕಪ್ಪು ಹೊಗೆ, ಉಸ್ಸೆಂಬ ಸದ್ದು, ಏರಿನಲ್ಲಿ ಮಾತ್ರ ಸುಸ್ತು. ಈ ಮೂರು ಮಾತನ್ನು ನಾನು ಮರುದಿನ ಉಡುಪಿಯ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಹೇಳಿದೆ. ಕೌಂಟರಿನ ಯುವಕ ಅದನ್ನು ಬರೆದುಕೊಳ್ಳಲೇ ಇಲ್ಲ. "ಪಿಕಪ್ ಕಡಿಮೆ" ಎಂದಷ್ಟೇ ಬರೆದ. ಅರ್ಧ ಗಂಟೆಯ ಬಳಿಕ ಬಂದು, ಸ್ಕ್ಯಾನರಿನಲ್ಲಿ ಪಿ0299 ಎಂಬ ಕೋಡ್ ಬಂದಿದೆ, ಟರ್ಬೊ ಹೋಗಿದೆ, ಹೊಸದು ಹಾಕಬೇಕು ಎಂದ. ಬೇರೆ ಏನು ಪರೀಕ್ಷೆ ಮಾಡಿದಿರಿ ಎಂದು ಕೇಳಿದೆ. "ಸ್ಕ್ಯಾನರೇ ಹೇಳಿದೆಯಲ್ಲ ಮೇಡಂ" ಎಂದ. ಜೊತೆಗೆ ಗಂಡಸರು ಯಾರಾದರೂ ಬಂದಿದ್ದಾರೆಯೇ ಎಂದೂ ಕೇಳಿದ. ಆ ಪ್ರಶ್ನೆಗೆ ಅಲ್ಲಿಯೇ ಉತ್ತರ ಕೊಟ್ಟಿದ್ದೇನೆ, ಇಲ್ಲಿ ಬೇಡ.

ನನ್ನ ಲೆಕ್ಕ ಹಪ್ಪಳದ ಲೆಕ್ಕ. ನೂರು ಹಪ್ಪಳದ ಒಂದು ಕಟ್ಟಿಗೆ ಖರ್ಚು ಕಳೆದು ನನಗೆ ಉಳಿಯುವುದು 60 ರೂಪಾಯಿ. 74,000 ರೂಪಾಯಿ ಹುಟ್ಟಬೇಕಾದರೆ ಒಂದು ಲಕ್ಷ ಇಪ್ಪತ್ತಮೂರು ಸಾವಿರ ಹಪ್ಪಳ ಒತ್ತಬೇಕು. ಟರ್ಬೊದ ಚಕ್ರ ಭರದಲ್ಲಿರುವಾಗ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದಂತೆ. ಅದು ಒಂದು ನಿಮಿಷದಲ್ಲಿ ಸುತ್ತುವಷ್ಟು ಹಪ್ಪಳವನ್ನು ನಾವು ಒಂಬತ್ತು ಜನ ಒತ್ತಬೇಕು! ಯೋಚಿಸಿ ಹೇಳುತ್ತೇನೆ ಎಂದು ಕಾರು ಹೊರಗೆ ತಂದೆ.

ಲೇಖಕರಿಗೂ ಓದುಗರಿಗೂ ನಾನು ಹೇಳಬೇಕೆಂದಿರುವುದು ಇದು. ಪಿ0299 ಎಂಬ ಕೋಡಿನ ಅರ್ಥ ಟರ್ಬೊ ಹಾಳಾಗಿದೆ ಎಂದಲ್ಲ. ಎಂಜಿನ್ನಿಗೆ ಸಿಗಬೇಕಾದ ಗಾಳಿಯ ಒತ್ತಡ ಸಿಗುತ್ತಿಲ್ಲ ಎಂದು ಮಾತ್ರ. ಯಾಕೆ ಸಿಗುತ್ತಿಲ್ಲ ಎಂಬುದನ್ನು ಕೋಡ್ ಹೇಳುವುದಿಲ್ಲ, ಹೇಳಲು ಅದಕ್ಕೆ ದಾರಿಯೂ ಇಲ್ಲ. ಜ್ವರ 102 ಇದೆ ಎಂದು ಥರ್ಮಾಮೀಟರ್ ತೋರಿಸಿದ ತಕ್ಷಣ ಯಾರೂ ಆಪರೇಷನ್ನಿಗೆ ಚೀಟಿ ಬರೆಯುವುದಿಲ್ಲ.

ಕಟ್ಟಿಗೆ ಒಲೆಯಲ್ಲಿ ಅಡುಗೆ ಮಾಡಿದವರಿಗೆ ಟರ್ಬೊ ಬಹಳ ಬೇಗ ಅರ್ಥವಾಗುತ್ತದೆ. ಅದು ಊದುವ ಯಂತ್ರ. ಸೈಲೆನ್ಸರಿನ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಸೆಳೆದು ಒತ್ತಿ ಕಳುಹಿಸುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದು ಮುಂಭಾಗದ ಇಂಟರ್‌ಕೂಲರಿಗೆ ಹೋಗಿ ತಣಿದು, ಆಮೇಲೆ ಎಂಜಿನ್ನಿಗೆ ಸೇರುತ್ತದೆ. ಟರ್ಬೊದಿಂದ ಎಂಜಿನ್ನಿನವರೆಗಿನ ಈ ಹಾದಿಯಲ್ಲಿ ಎಷ್ಟೊಂದು ರಬ್ಬರ್ ಹೋಸುಗಳು, ಎಷ್ಟೊಂದು ಕ್ಲ್ಯಾಂಪುಗಳು! ಈ ಹಾದಿಯೇ ಊದುಗೊಳವೆ. ಊದುಗೊಳವೆ ಸೀಳಿದ್ದರೆ ಎಷ್ಟು ಊದಿದರೂ ಒಲೆ ಹೊಗೆಯಾಡುತ್ತದೆ. ಗಾಳಿ ಸಾಲದೆ ಅರೆಬೆಂದ ಡೀಸೆಲ್ ಕೊಟ್ಟದ್ದೂ ಅದೇ ಹೊಗೆಯನ್ನು, ಬೈಕಿನ ಹುಡುಗ ಕಂಡ ಕಪ್ಪು ಹೊಗೆಯನ್ನು. ಆಗ ಹೊಸ ಕೊಳವೆ ತರುತ್ತೇವೆಯೇ, ಊದುವವಳ ಶ್ವಾಸಕೋಶ ಬದಲಿಸುತ್ತೇವೆಯೇ?

ನನ್ನ ಅಕ್ಕನ ಮಗ ಆಟೊಮೊಬೈಲ್ ಡಿಪ್ಲೊಮಾ ಓದಿದವನು, ಈಗ ಮಾಡುತ್ತಿರುವುದು ಬೇರೆ ಕೆಲಸ. ಅವನು ಒಂಬೈನೂರು ರೂಪಾಯಿಯ ಒಂದು ಸಣ್ಣ ಸಾಧನ ತಂದ. ಈಗ ಒಂದು ದಶಕದಿಂದ ನಮ್ಮಲ್ಲಿ ಮಾರಾಟವಾಗುವ ಕಾರುಗಳಲ್ಲಿ ಸ್ಟೇರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಇದನ್ನು ಚುಚ್ಚಿದರೆ ಎಂಜಿನ್ನಿನ ಕಂಪ್ಯೂಟರ್ ನೋಡುತ್ತಿರುವ ಅಂಕಿಗಳು ಮೊಬೈಲಿನಲ್ಲಿ ಕಾಣಿಸುತ್ತವೆ. "ಚಿಕ್ಕಮ್ಮಾ, ಮೊದಲು ಎಂಜಿನ್ ಚಾಲೂ ಮಾಡಬೇಡಿ, ಬರೀ ಕೀಲಿ ತಿರುಗಿಸಿ" ಎಂದ. ಎಂಜಿನ್ ನಿಂತಿರುವಾಗ ಒತ್ತಡದ ಸೆನ್ಸರ್ ತೋರಿಸಬೇಕಾದದ್ದು ಹೊರಗಿನ ಗಾಳಿಯ ಒತ್ತಡವನ್ನೇ. ನಮ್ಮ ಅಂಗಳದಲ್ಲಿ ಅದು 100 ಕಿಲೊಪಾಸ್ಕಲ್ ಎಂದು ತೋರಿಸಿತು. ಸಮುದ್ರಮಟ್ಟಕ್ಕೆ ಹತ್ತಿರವಿರುವ ಊರಿಗೆ ಅದು ಸರಿಯಾದ ಅಂಕಿ. ಮುಂದೊಂದು ದಿನ ಆಗುಂಬೆಯ ಮೇಲೆ ಇದೇ ರೀತಿ ಎಂಜಿನ್ ನಿಲ್ಲಿಸಿ ನೋಡಿದಾಗ 93 ಇತ್ತು. ಘಾಟಿ ಏರಿದಂತೆ ಗಾಳಿ ತೆಳುವಾಗುವುದನ್ನು ಶಾಲೆಯ ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಐವತ್ತಾರನೆಯ ವಯಸ್ಸಿನಲ್ಲಿ. ಇಲ್ಲಿ 70 ಎಂದೋ 130 ಎಂದೋ ತೋರಿಸಿದ್ದರೆ ಸೆನ್ಸರಿನ ಮೇಲೆಯೇ ಅನುಮಾನ ಪಡಬೇಕಿತ್ತು.

ಆಮೇಲೆ ಹೆಬ್ರಿ ರಸ್ತೆಯ ಒಂದು ಏರನ್ನು ಆರಿಸಿಕೊಂಡೆವು. ಮೂರನೆಯ ಗೇರು, ಕಾರಿನಲ್ಲಿ ನಾವಿಬ್ಬರು ಮತ್ತು ನಾಲ್ಕು ಚೀಲ ಅಕ್ಕಿ, ಆಕ್ಸಿಲರೇಟರ್ ಪೂರ್ತಿ. ಓಡಿಸುವವರು ಮೊಬೈಲ್ ನೋಡಬಾರದು. ನಾನು ಓಡಿಸಿದೆ, ಅವನು ಪಕ್ಕದಲ್ಲಿ ಕುಳಿತು ಬರೆದುಕೊಂಡ. ಏರಿದ ಅಂಕಿ 130. ಇದರಲ್ಲಿ ಹೊರಗಿನ 100 ಸೇರಿಯೇ ಇರುತ್ತದೆ. ಅಂದರೆ ಟರ್ಬೊ ಕಡೆಯಿಂದ ಸಿಗುತ್ತಿದ್ದದ್ದು ಬರೀ 30. ಮುಂದೆ ಏನೇ ದುರಸ್ತಿ ಮಾಡಿದರೂ ಅದೇ ಏರು, ಅದೇ ಗೇರು, ಅದೇ ನಾಲ್ಕು ಚೀಲ ಅಕ್ಕಿ ಎಂದು ನಿಶ್ಚಯಿಸಿದೆವು. ಇವತ್ತಿನ ಹಿಟ್ಟಿಗೂ ನಾಳೆಯ ಹಿಟ್ಟಿಗೂ ಉಪ್ಪಿನ ಅಳತೆ ಬೇರೆಯಾದರೆ ಹಲಸು ಸಪ್ಪೆಯೋ ಉಪ್ಪು ಸಪ್ಪೆಯೋ ಹೇಳುವುದು ಹೇಗೆ?

ಪರ್ಕಳದ ಕಡೆ ಒಂದು ತಗಡಿನ ಮಾಡಿನ ಗ್ಯಾರೇಜಿದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಹೆಸರು ಹಾಕಬೇಡಿ ಎಂದಿರುವುದರಿಂದ ಹಾಕುತ್ತಿಲ್ಲ. ಅವರು ನನ್ನ ಮೂರು ಮಾತುಗಳನ್ನು ಪೂರ್ತಿ ಕೇಳಿಸಿಕೊಂಡರು. ಸದ್ದು ಎಡದಿಂದಲೋ ಬಲದಿಂದಲೋ, ಗೇರು ಬದಲಿಸುವಾಗ ನಿಲ್ಲುತ್ತದೆಯೋ, ಎಂಜಿನ್ ಆಯಿಲ್ ಕಡಿಮೆಯಾಗುತ್ತಿದೆಯೋ ಎಂದು ತಿರುಗಿ ಕೇಳಿದರು. ಹೀಗೆ ಕೇಳುವ ವೈದ್ಯರೂ ಈಗ ಅಪರೂಪ.

ಅವರೂ ಮೊದಲು ತಪ್ಪಿದರು, ಅದನ್ನೂ ಬರೆಯಬೇಕು. ಏರ್ ಫಿಲ್ಟರ್ ತೆಗೆದಾಗ ಕೆಸರು ಮೆತ್ತಿದ ಹಾಗಿತ್ತು. ಫಿಲ್ಟರ್ ಕಟ್ಟಿಕೊಂಡರೂ ಟರ್ಬೊಗೆ ಗಾಳಿ ಸಾಲುವುದಿಲ್ಲ, ಆದ್ದರಿಂದ ಅದನ್ನು ಬದಲಿಸಿದರು. ಒತ್ತಡದ ಸೆನ್ಸರಿನ ಮೂತಿಗೆ ಮಸಿ ಹಿಡಿದಿತ್ತು, ಅದನ್ನೂ ತೊಳೆದರು. ಇಷ್ಟೇ ಇರಬೇಕು ಎಂದು ಕಳುಹಿಸಿದರು. ನಾನು ಸಂತೋಷದಿಂದ ಸೋಮೇಶ್ವರದವರೆಗೆ ಹೋಗಿ, ಅಷ್ಟೇ ಬೇಸರದಿಂದ ತಿರುಗಿ ಬಂದೆ. ಅಂಕಿ 133. ಮೂರು ಅಂಕಿಯ ಲಾಭ. ಅಂಕಿ ಬರೆದಿಟ್ಟುಕೊಳ್ಳದೆ ಇದ್ದಿದ್ದರೆ, ಹೊಸ ಫಿಲ್ಟರ್ ಹಾಕಿದ ಖುಷಿಯಲ್ಲಿ ಕಾರು ಸ್ವಲ್ಪ ಹಗುರವಾಗಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಎರಡನೆಯ ಸಲ ಅವರು ಬಾನೆಟ್ ತೆರೆದು, ನನ್ನನ್ನು ಎಂಜಿನ್ ಚಾಲೂ ಮಾಡಲು ಹೇಳಿ, ಟಾರ್ಚ್ ಹಿಡಿದು ಟರ್ಬೊದ ಪಕ್ಕ ಬಗ್ಗಿ ನಿಂತರು. ನನ್ನ ಕಾರಿನ ಟರ್ಬೊದೊಳಗೆ ಸಣ್ಣ ಸಣ್ಣ ರೆಕ್ಕೆಗಳಿವೆ. ಅವು ಓರೆಯಾಗಿ ಕಿರಿದಾದ ಸಂದಿಯಲ್ಲಿ ಹೊಗೆಯನ್ನು ಬಿಟ್ಟರೆ ಚಕ್ರ ರಭಸದಿಂದ ತಿರುಗುತ್ತದೆ, ಅಗಲವಾಗಿ ತೆರೆದರೆ ನಿಧಾನ. ನಲ್ಲಿಯ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ದೂರ ಚಿಮ್ಮುತ್ತದಲ್ಲ, ಅದೇ ಉಪಾಯ. ಆ ರೆಕ್ಕೆಗಳನ್ನು ತಿರುಗಿಸಲು ಒಂದು ಕಡ್ಡಿ, ಕಡ್ಡಿಯನ್ನು ಎಳೆಯಲು ಆಕ್ಚುಯೇಟರ್ ಎಂಬ ಡಬ್ಬಿ, ಡಬ್ಬಿಯೊಳಗಿನ ಗಾಳಿಯನ್ನು ಹೀರಿ ಅದಕ್ಕೆ ಬಲ ಕೊಡಲು ತೆಳ್ಳನೆಯ ವ್ಯಾಕ್ಯೂಮ್ ಪೈಪು. ಎಂಜಿನ್ ಚಾಲೂ ಆದ ಕೂಡಲೇ ನನ್ನ ಕಾರಿನಂಥವುಗಳಲ್ಲಿ ಕಡ್ಡಿ ಒಳಕ್ಕೆ ಸರಿಯಬೇಕು, ನಿಲ್ಲಿಸಿದರೆ ಹೊರಕ್ಕೆ ಬರಬೇಕು. ಅದು ಅರ್ಧದಲ್ಲಿ ನಡುಗುತ್ತ ನಿಂತಿತ್ತು. ಕೈಪಂಪಿನಿಂದ ನೇರವಾಗಿ ಡಬ್ಬಿಗೆ ವ್ಯಾಕ್ಯೂಮ್ ಕೊಟ್ಟಾಗ ಸಲೀಸಾಗಿ ಸರಿದು, ಹಾಗೆಯೇ ನಿಂತುಕೊಂಡಿತು. ಡಬ್ಬಿ ಸರಿ, ಕಡ್ಡಿ ಸರಿ, ರೆಕ್ಕೆ ಸರಿ ಎಂದಾಯಿತು. ಉಳಿದದ್ದು ಪೈಪು.

ಪೈಪನ್ನು ಹಿಡಿದುಕೊಂಡೇ ಹಿಂದಕ್ಕೆ ಹೋದಾಗ, ಬ್ಯಾಟರಿಯ ಮರೆಯಲ್ಲಿ, ಹಲ್ಲಿನ ಗುರುತು ಸಿಕ್ಕಿತು. ಇಲಿ! ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಇಲಿಗೆ ಬಾಣಂತಿಕೋಣೆ. ಮೇಲಾಗಿ ನಾನು ಕಾರು ನಿಲ್ಲಿಸುವುದು ಹಪ್ಪಳದ ಕೋಣೆಯ ಗೋಡೆಗೆ ಒತ್ತಿಕೊಂಡು. ಇಲಿಯದು ತಪ್ಪೆನ್ನಲಾರೆ. ಈಗ ಕಾರು ಅಂಗಳದ ಇನ್ನೊಂದು ಬದಿಗೆ ಹೋಗಿದೆ.

ಪೈಪು ಬದಲಿಸಿ ಅದೇ ಏರಿಗೆ ಹೋದೆವು. 160. ನನಗಂತೂ ಕಾರು ರಿಪೇರಿಯಾಯಿತು ಎನ್ನಿಸಿತು. ಎಂಜಿನ್ ದೀಪವೂ ಎರಡು ದಿನ ಸುಮ್ಮನಿತ್ತು. ಆದರೆ ಉಸ್ಸೆಂಬ ಸದ್ದು ಇನ್ನೂ ಇತ್ತು, ತುಸು ಜೋರಾಗಿಯೇ. ಮೆಕ್ಯಾನಿಕ್ ತಮ್ಮ ಸ್ಕ್ಯಾನರಿನಲ್ಲಿ ಎರಡು ಅಂಕಿಗಳನ್ನು ಅಕ್ಕಪಕ್ಕ ತೋರಿಸಿದರು: ಕಂಪ್ಯೂಟರ್ ಕೇಳುತ್ತಿರುವ ಒತ್ತಡ 215, ಸಿಗುತ್ತಿರುವುದು 160. "ಅಕ್ಕಾ, ಐವತ್ತೈದು ಎಲ್ಲಿಯೋ ಸೋರಿಹೋಗುತ್ತಿದೆ" ಎಂದರು. ಒಂದು ಕಾರಿನಲ್ಲಿ ಒಂದೇ ದೋಷ ಇರಬೇಕೆಂಬ ನಿಯಮವಿಲ್ಲ ಎಂದೂ ಹೇಳಿದರು. ಉಡುಪಿಯ ಸ್ಕ್ಯಾನರಿಗೂ ಈ ಎರಡು ಅಂಕಿಗಳು ಕಾಣಿಸುತ್ತಿದ್ದವು, ನೋಡುವವರು ನೋಡಲಿಲ್ಲ.

ಮೂರನೆಯ ದಿನದ ಪರೀಕ್ಷೆ ನನಗೆ ಅತ್ಯಂತ ಇಷ್ಟವಾದದ್ದು. ಅವರ ಬಳಿ ಪಿವಿಸಿ ಪೈಪಿನ ತುದಿಗೆ ಹಾಕುವ ಒಂದು ಮುಚ್ಚಳ ಇದೆ. ಅದರ ನಡುವೆ ತೂತು ಕೊರೆದು ಹಳೆಯ ಟೈರಿನ ವಾಲ್ವ್ ಕೂರಿಸಿದ್ದಾರೆ. ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ಹೋಸನ್ನು ಕಳಚಿ, ಟರ್ಬೊದ ಬಾಯಿಗೆ ಈ ಮುಚ್ಚಳವನ್ನು ಕ್ಲ್ಯಾಂಪ್ ಹಾಕಿ ಬಿಗಿದರು. ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನಿಂದ ನಿಧಾನವಾಗಿ ಗಾಳಿ ಬಿಟ್ಟರು. ಮೀಟರಿನಲ್ಲಿ 15 ಪಿಎಸ್‌ಐ ದಾಟಲು ಬಿಡಲಿಲ್ಲ. ಹೆಚ್ಚು ತುಂಬಿದರೆ ಸೀಲುಗಳು ಹಾಳಾಗುತ್ತವೆ, ಸರಿಯಾಗಿ ಕೂರದ ಮುಚ್ಚಳ ಗುಂಡಿನಂತೆ ಹಾರಿಬರುತ್ತದೆ, ಎದುರು ನಿಲ್ಲಬೇಡಿ ಎಂದು ನನ್ನನ್ನು ಬದಿಗೆ ಸರಿಸಿದರು. ಆಮೇಲೆ ಒಂದು ಲೋಟ ಸೋಪಿನ ನೀರು, ಒಂದು ಹಳೆಯ ಪೇಂಟ್ ಬ್ರಷ್.

ಮೇಲಿನ ಹೋಸುಗಳಲ್ಲಿ ಗುಳ್ಳೆಯಿಲ್ಲ. ಇಂಟರ್‌ಕೂಲರಿನಲ್ಲಿ ಇಲ್ಲ. ಎಂಜಿನ್ನಿನ ಒಳಗಿನಿಂದ ಸಣ್ಣಗೆ ಗಾಳಿ ಹೋಗುವ ಸದ್ದಿತ್ತು, ಅದು ಸಹಜ, ಯಾವುದೋ ಒಂದು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ ಎಂದರು. ಕಾರನ್ನು ಎತ್ತಿ ಕೆಳಗಿನ ಹೋಸಿಗೆ ಬ್ರಷ್ ಆಡಿಸಿದಾಗ, ಕ್ಲ್ಯಾಂಪಿನ ಅಂಚಿನಲ್ಲಿ, ನೀರುದೋಸೆ ಕಾವಲಿಯ ಮೇಲೆ ಏಳುವ ಹಾಗೆ ನೊರೆ ಎದ್ದಿತು. ಗಾಳಿ ನಿಲ್ಲಿಸಿದರೆ ಸೀಳು ಮುಚ್ಚಿಕೊಂಡು ರಬ್ಬರ್ ಮೇಲೆ ಗೆರೆಯೂ ಕಾಣಿಸದು. ಗಾಳಿ ಬಿಟ್ಟರೆ ಬಾಯಿ ತೆರೆಯುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ತಣ್ಣಗೆ ಕುಳಿತಿರುವಾಗ ಎಷ್ಟು ಸಭ್ಯವಾಗಿರುತ್ತದೆ ನೋಡಿ, ಉರಿ ಹೊತ್ತಿಸಿದ ಮೇಲೆ ತಾನೇ ಅದರ ಬಣ್ಣ ಬಯಲಾಗುವುದು. ನಿಂತ ಕಾರಿನ ಬಾನೆಟ್ ಎತ್ತಿ ಇಣುಕಿ "ಹೋಸ್ ಎಲ್ಲ ಸರಿ ಇದೆ" ಎನ್ನುವವರನ್ನು ಇನ್ನು ಮುಂದೆ ನಾನು ನಂಬುವುದಿಲ್ಲ. ಕೆಲವು ಕಡೆ ಗಾಳಿಯ ಬದಲು ಹೊಗೆ ತುಂಬಿ ನೋಡುವ ಯಂತ್ರವಿರುತ್ತದೆ. ಅದೂ ಆಗಬಹುದು. ಒಟ್ಟಿನಲ್ಲಿ ಒತ್ತಡ ಕೊಟ್ಟು ನೋಡಬೇಕು.

ಕ್ಲ್ಯಾಂಪ್ ತುಕ್ಕು ಹಿಡಿದು ಪುಡಿಯಾಗಿತ್ತು. ಅದು ನಮ್ಮ ಉಪ್ಪುಗಾಳಿಯ ಪ್ರಸಾದ. ಹೊಸ ಹೋಸ್, ಎರಡು ಹೊಸ ಕ್ಲ್ಯಾಂಪ್. ಅದೇ ಏರು, ಅದೇ ಗೇರು, ಅದೇ ಅಕ್ಕಿ ಚೀಲ: 214. ಉಸ್ ಇಲ್ಲ, ಹೊಗೆ ಇಲ್ಲ.

ಒಟ್ಟು ಬಿಲ್ಲನ್ನು ಪೂರ್ತಿ ಕೊಡುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಫಿಲ್ಟರ್ ಮತ್ತು ಸೆನ್ಸರ್ ತೊಳೆದದ್ದು 700, ವ್ಯಾಕ್ಯೂಮ್ ಪೈಪು 140, ಹೋಸ್ 2,850, ಕ್ಲ್ಯಾಂಪುಗಳು 220, ಪರೀಕ್ಷೆ ಮತ್ತು ಕೂಲಿ 1,500. ಎಲ್ಲ ಕೂಡಿ 5,410 ರೂಪಾಯಿ.

ಈ 1,500ರ ಬಗ್ಗೆ ಸ್ವಲ್ಪ ಹೇಳಬೇಕು. ಆ ಮೆಕ್ಯಾನಿಕ್ ಮೊದಲು ಕೇಳಿದ್ದು 600. ಮೂರು ದಿನ ತಲೆ ಕೆಡಿಸಿಕೊಂಡದ್ದಕ್ಕೆ ಅಷ್ಟೇಯೇ ಎಂದರೆ, "ನೋಡಿದ್ದಕ್ಕೆಲ್ಲ ದುಡ್ಡು ಕೇಳಿದರೆ ಜನ ಬೈಯುತ್ತಾರೆ ಅಕ್ಕಾ, ಸಾಮಾನು ಹಾಕಿದರೆ ಮಾತ್ರ ಕೊಡುತ್ತಾರೆ" ಎಂದರು. ನಾನೇ ಹೆಚ್ಚು ಕೊಟ್ಟೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಹುಡುಕುವ ಕೆಲಸಕ್ಕೆ ಸಂಬಳವಿಲ್ಲ, ಸಾಮಾನು ಬದಲಿಸಿದರೆ ಲಾಭವಿದೆ ಎಂದಾದಾಗ ಯಾವ ಗ್ಯಾರೇಜು ತಾನೇ ಸೋಪಿನ ನೀರು ಕಲಸುತ್ತ ಕೂರುತ್ತದೆ? ದೊಡ್ಡ ವರ್ಕ್‌ಶಾಪಿನ ಮೇಲೆ ನನಗಿರುವ ಸಿಟ್ಟಿನಲ್ಲಿ ಒಂದು ಪಾಲು ನಮ್ಮಂಥ ಗಿರಾಕಿಗಳ ಮೇಲೂ ಹೋಗಬೇಕು. ಉಪ್ಪಿನಕಾಯಿಯ ಬೆಲೆ ಹೇಳಿದಾಗ "ಬರೀ ಮಾವಿನ ಮಿಡಿ, ಖಾರ, ಇಷ್ಟೊಂದಾ" ಎನ್ನುವವರಿಗೆ ನಾನು ಕೊಡುವ ಉತ್ತರವನ್ನು ನನಗೂ ಅನ್ವಯಿಸಿಕೊಂಡೆ.

ಟರ್ಬೊ ಎಂದಿಗೂ ಕೆಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಕೆಡುತ್ತದೆ. ಆಗ ಅದು ಬೇರೆ ಬಗೆಯ ಸುಳಿವು ಕೊಡುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಎಂಜಿನ್ ಆಯಿಲ್ ಕಾಣದಂತೆ ಕಡಿಮೆಯಾಗುತ್ತದೆ, ಸೈರನ್ನಿನಂಥ ಕೂಗು ಕೇಳುತ್ತದೆ. ಹೋಸ್ ಕಳಚಿ ಚಕ್ರದ ಅಚ್ಚನ್ನು ಬೆರಳಿನಿಂದ ಆಡಿಸಿ ನೋಡುವುದನ್ನು ಮೆಕ್ಯಾನಿಕ್ ನನಗೆ ತೋರಿಸಿದರು. ಎಂಜಿನ್ ತಣ್ಣಗಿರಬೇಕು, ನಿಂತಿರಬೇಕು. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಡುವುದು ಸಹಜ, ಅಚ್ಚು ಆಯಿಲಿನ ತೆಳು ಪದರದ ಮೇಲೆ ತೇಲುತ್ತಲೇ ತಿರುಗುವಂಥದ್ದು. ಹಿಂದಕ್ಕೂ ಮುಂದಕ್ಕೂ ಆಡಿದರೆ, ಚಕ್ರದ ಅಲಗು ಗೋಡೆಗೆ ತಾಗಿ ಗೀರಿದ್ದರೆ, ಅಲಗು ಮುಕ್ಕಾಗಿದ್ದರೆ, ಆಗ ಬದಲಿಸಲೇಬೇಕು. ಹೋಸಿನ ಒಳಗೆ ತೆಳ್ಳಗೆ ಆಯಿಲ್ ಸವರಿದಂತೆ ಕಂಡರೆ ಗಾಬರಿ ಬೇಡ, ಬಹಳ ಕಾರುಗಳಲ್ಲಿ ಇರುತ್ತದೆ. ಬಗ್ಗಿಸಿದರೆ ಸುರಿಯುವಷ್ಟಿದ್ದರೆ ಮಾತ್ರ ಯೋಚಿಸಬೇಕು. ಟರ್ಬೊ ನಿಜವಾಗಿ ಸತ್ತಿದ್ದರೂ ಯಾಕೆ ಸತ್ತಿತು ಎಂದು ಕೇಳದೆ ಹೊಸದು ಹಾಕಿಸಬಾರದು. ಆಯಿಲ್ ಸಾಗುವ ನಳಿಗೆ ಕಟ್ಟಿಕೊಂಡಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಇನ್ನು ಸೈಲೆನ್ಸರಿನ ಕಡೆಯ ಫಿಲ್ಟರ್ ಮಸಿಯಿಂದ ಕಟ್ಟಿಕೊಂಡರೂ, ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡರೂ ಬೂಸ್ಟ್, ಅಂದರೆ ಟರ್ಬೊ ಕೊಡುವ ಒತ್ತಡ, ಇಳಿಯುತ್ತದೆ. ಉಡುಪಿ, ಮಣಿಪಾಲದ ಒಳಗೇ ನಾಲ್ಕು ಕಿಲೋಮೀಟರ್ ಓಡಾಡುವ ಡೀಸೆಲ್ ಕಾರುಗಳಿಗೆ ಈ ಮಸಿಯ ಕಾಟ ಹೆಚ್ಚು. ನನ್ನ ಕಾರಿಗೆ ವಾರಕ್ಕೊಮ್ಮೆ ಘಾಟಿಯ ವ್ಯಾಯಾಮ ಇರುವುದರಿಂದ ಆ ತೊಂದರೆ ಬಂದಿಲ್ಲ. ಪೆಟ್ರೋಲ್ ಟರ್ಬೊ ಕಾರುಗಳ ಲಕ್ಷಣಗಳಲ್ಲಿ ತುಸು ವ್ಯತ್ಯಾಸವಿದೆ, ಅಲ್ಲಿ ಕಪ್ಪು ಹೊಗೆಯನ್ನು ನಿರೀಕ್ಷಿಸಬಾರದು. ಆದರೆ ಹೋಸ್, ಕ್ಲ್ಯಾಂಪುಗಳ ಮಟ್ಟಿಗೆ ಎಲ್ಲವೂ ಒಂದೇ ಜಾತಿ.

ನಿಮ್ಮ ಲೇಖಕರಲ್ಲಿ ನನ್ನ ಕೋರಿಕೆ ಆ ಕೊನೆಯ ಸಾಲನ್ನು ತಿದ್ದಿ ಎಂಬುದು. ವರ್ಕ್‌ಶಾಪಿನವರಲ್ಲಿ ಕೇಳುವುದು, ಬಿಲ್ಲಿನಲ್ಲಿ ಸಾಮಾನಿನ ಹೆಸರಿನ ಜೊತೆಗೆ ಯಾವ ಪರೀಕ್ಷೆ ಮಾಡಿದಿರಿ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಎರಡು ಅಂಕಿ ಬರೆಯಿರಿ. ತೆಗೆದ ಹಳೆಯ ಸಾಮಾನನ್ನು ಗಿರಾಕಿಯ ಕೈಗೆ ಕೊಡಿ. ಪರೀಕ್ಷೆಗೆ ಬೇರೆ ಶುಲ್ಕ ಹಾಕಿ, ನಾವು ಕೊಡುತ್ತೇವೆ. ಗ್ರಾಹಕ ಆಯೋಗಕ್ಕೆ ಹೋಗು ಎಂದು ಅಕ್ಕನ ಮಗ ಹೇಳುತ್ತಿದ್ದಾನೆ. ನನ್ನ ಕೈಯಿಂದ ಹಣ ಹೋಗಿಲ್ಲ, ಹೋಗಿದ್ದು ಒಂದು ಬೆಳಗ್ಗೆ ಮಾತ್ರ. ಅದಕ್ಕೆ ಈ ಪತ್ರ ಸಾಕು.

ಸೀಳಿದ ಹೋಸನ್ನು ನಾನು ಎಸೆದಿಲ್ಲ. ಹಪ್ಪಳದ ಕೋಣೆಯ ಬಾಗಿಲಲ್ಲಿ ಮೊಳೆಗೆ ತೂಗಹಾಕಿದ್ದೇನೆ. ಲೇಖಕರು ಈ ಕಡೆ ಬಂದರೆ ಕೈಗೆ ಕೊಡುತ್ತೇನೆ. ಎರಡು ಕೈಯಲ್ಲಿ ಹಿಡಿದು ಬಲವಾಗಿ ಬಗ್ಗಿಸಬೇಕು, ಇಲ್ಲದಿದ್ದರೆ ಸೀಳು ಕಾಣಿಸುವುದಿಲ್ಲ.

ಇತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಾರ್ತಿ,
ಹಿರಿಯಡ್ಕ, ಉಡುಪಿ ಜಿಲ್ಲೆ